ಹಲಗಲಿಯ ಬಂದೂಕು, ಕಾನ್ಪುರದ ರಿವಾಲ್ವರ್, ನಮ್ಮವ್ವನ ಕುಡಗೋಲು

ಹೆಂಗಸಿನ ಕೈಗೆ ಎಂಥ ಪಿಸ್ತೂಲು ಒಪ್ಪುತ್ತದೆ ಎಂಬ ಪ್ರಶ್ನೆಯನ್ನು ಈ ದೇಶದ ಸರ್ಕಾರಿ ಕಾರ್ಖಾನೆಯೇ ಒಮ್ಮೆ ಕೇಳಿಕೊಂಡಿತು. ಕೇಳಿಕೊಂಡು ಉತ್ತರವನ್ನೂ ತಯಾರು ಮಾಡಿತು. 2012ರ ಡಿಸೆಂಬರ್ 16ರ ರಾತ್ರಿ ದಿಲ್ಲಿಯ ಬಸ್ಸೊಂದರಲ್ಲಿ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ನಡೆದು, ಕೆಲವು ದಿನಗಳಲ್ಲಿ ಆಕೆ ತೀರಿಕೊಂಡಳು. ಜನ ಬೀದಿಗಿಳಿದರು. ಪತ್ರಿಕೆಗಳು ಆಕೆಯನ್ನು 'ನಿರ್ಭಯಾ' ಎಂದು ಕರೆದವು. 2014ರ ಜನವರಿಯಲ್ಲಿ ಕಾನ್ಪುರದ ಬಂದೂಕು ಕಾರ್ಖಾನೆ ಅದೇ ಹೆಸರಿನ ನೆರಳಲ್ಲಿ 'ನಿರ್ಭೀಕ್' ಎಂಬ ರಿವಾಲ್ವರನ್ನು ಹೊರತಂದಿತು. ಹೆಂಗಸರಿಗೆಂದೇ ಮಾಡಿದ್ದು ಇದು ಎಂದು ಸಾರಿತು. .32 ಬೋರು, ಆರು ಗುಂಡು, ಟೈಟಾನಿಯಂ ಮಿಶ್ರಲೋಹದ ಮೈ, ಸುಮಾರು 500 ಗ್ರಾಂ ತೂಕ, ಅಂದರೆ ಅರ್ಧ ಕಿಲೋ ಬೆಲ್ಲದಷ್ಟು. ಒಡವೆ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ ಇಟ್ಟು ಕೊಡುತ್ತಿದ್ದರು. ಬೆಲೆ 1,22,360 ರೂಪಾಯಿ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಕೇರಿಗಳಲ್ಲಿ ಹುಟ್ಟಿ, ನಮ್ಮ ಮನೆತನಗಳಲ್ಲಿ ಮೊದಲ ಸಲ ಪದವಿಯ ಮುಖ ಕಂಡ ನಾವು ಈ ಬೆಲೆಯನ್ನು ನಮ್ಮ ಲೆಕ್ಕದಲ್ಲಿ ಹಾಕಿ ನೋಡಿದೆವು. ಆ ವರ್ಷ, 2014-15ರಲ್ಲಿ, ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 191 ರೂಪಾಯಿ. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಖಾತ್ರಿ. ಆ ರಿವಾಲ್ವರ್ ಕೊಳ್ಳಬೇಕಾದರೆ ಮಣ್ಣು ಹೊರುವ ಹೆಂಗಸು 641 ದಿನ ದುಡಿಯಬೇಕು. ಒಂದು ಹೊತ್ತೂ ಉಣ್ಣದೆ, ಮಕ್ಕಳಿಗೆ ಒಂದು ಪಾಟಿ ಪುಸ್ತಕವನ್ನೂ ಕೊಡಿಸದೆ, ಮನೆಯ ಅಷ್ಟೂ ಖಾತ್ರಿ ಕೂಲಿಯನ್ನು ಕೂಡಿಟ್ಟರೆ ಆರೂವರೆ ವರ್ಷ. ಆರೂವರೆ ವರ್ಷ ಆಕಿಯನ್ನು ಕಾಯುವವರು ಯಾರು?

ಬೆಲೆಯ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಯಾವ ಆಯುಧ, ಎಷ್ಟು ತೂಕ, ಎಲ್ಲಿ ಬಚ್ಚಿಡಬೇಕು ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಇದೆ. ನಮ್ಮ ನಾಡಿನಲ್ಲಿ ಆಯುಧ ಹಿಡಿಯಲು ಯಾರಿಗೆ ಅಪ್ಪಣೆ ಇತ್ತು? ಆ ಅಪ್ಪಣೆಯನ್ನು ಕೊಡುತ್ತಿದ್ದವರು ಯಾರು? ಖಡ್ಗದ ರೂಪಕ ಹಿಡಿದು ಕವಿತೆ ಬರೆದ ನಾವು ನಿಜವಾದ ಖಡ್ಗ ಯಾರ ಕೈಯಲ್ಲಿತ್ತೆಂಬ ಚರಿತ್ರೆಯನ್ನೂ ಓದಿಕೊಳ್ಳಬೇಕು.

1

ನಮ್ಮ ಸುತ್ತಲಿನ ಕಲ್ಲುಗಳೇ ಮೊದಲ ಪಾಠ. ಹುನಗುಂದ ಸೀಮೆಯ ಐಹೊಳೆಗೆ ಶಾಲೆಯ ಮಕ್ಕಳನ್ನು ಪ್ರವಾಸ ಕರೆದೊಯ್ಯುವ ಮಾಸ್ತರರು ದುರ್ಗ ಗುಡಿಯ ಮಹಿಷಮರ್ದಿನಿಯನ್ನು ತೋರಿಸುತ್ತಾರೆ. ಹಲವು ಕೈ, ಕೈಗಳಲ್ಲಿ ಆಯುಧ. ನೋಡಿರಿ, ನಮ್ಮ ಸಂಸ್ಕೃತಿ ಹೆಣ್ಣಿಗೆ ಎಷ್ಟು ಶಕ್ತಿ ಕೊಟ್ಟಿತ್ತು ಎಂದು ಹೇಳುತ್ತಾರೆ. ನಾವು ಅಂಥ ಮಾಸ್ತರರಿಗೆ ಒಂದು ವಿನಂತಿ ಮಾಡುತ್ತೇವೆ. ಅದೇ ಮಕ್ಕಳನ್ನು ಯಾವುದಾದರೂ ಊರ ಹೊರಗಿನ ವೀರಗಲ್ಲು, ಮಾಸ್ತಿಕಲ್ಲುಗಳ ಎದುರಿಗೂ ನಿಲ್ಲಿಸಿರಿ. ವೀರಗಲ್ಲಿನಲ್ಲಿ ಗಂಡಸಿನ ಕೈಗೆ ಕತ್ತಿ, ಬಿಲ್ಲು. ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಚಾಚಿದ ಹೆಣ್ಣಿನ ತೋಳೊಂದು ಇದೆ. ಮುಂಗೈ ತುಂಬ ಬಳೆ. ಹಲವು ಕಲ್ಲುಗಳಲ್ಲಿ ಬೆರಳ ನಡುವೆ ನಿಂಬೆಹಣ್ಣು. ಕಲ್ಲಾಗಿದ್ದ ದೇವಿಗೆ ಆಯುಧ ಕೊಟ್ಟ ಈ ನಾಡು ಉಸಿರಾಡುವ ಹೆಣ್ಣಿಗೆ ನಿಂಬೆಹಣ್ಣು ಕೊಟ್ಟು ಚಿತೆ ಹತ್ತಿಸಿತು. ಇಂದಿಗೂ ಗಂಡಸರು ಜಗಳದಲ್ಲಿ 'ನಾ ಏನ್ ಕೈಗೆ ಬಳಿ ತೊಟ್ಕೊಂಡೀನೇನು?' ಎನ್ನುತ್ತಾರೆ. ಬಳೆ ತೊಟ್ಟ ಕೈ ಎಂದರೆ ಆಯುಧವಿಲ್ಲದ ಕೈ ಎಂದು ನಮ್ಮ ಭಾಷೆಯೇ ತೀರ್ಪು ಕೊಟ್ಟಿದೆ.

ಹೆಣ್ಣಿಗೆ ಹೇಗೋ ಹಾಗೆಯೇ ಕೇರಿಗೆ. ಬಾಬಾಸಾಹೇಬ ಅಂಬೇಡ್ಕರರು 1936ರ 'ಜಾತಿ ವಿನಾಶ'ದಲ್ಲಿ ಕೇಳಿದ ಒಂದು ಪ್ರಶ್ನೆ ನಮಗೆ ಮತ್ತೆ ಮತ್ತೆ ನೆನಪಾಗುತ್ತದೆ. ಬೇರೆ ದೇಶಗಳಲ್ಲಿ ದುಡಿಯುವ ಜನ ದಂಗೆ ಎದ್ದರು, ಇಲ್ಲಿ ಯಾಕೆ ಏಳಲಿಲ್ಲ? ಅವರ ಉತ್ತರ ಸ್ಪಷ್ಟ. ಚಾತುರ್ವರ್ಣ್ಯ ಕೆಳಗಿನವರ ಕೈಯಿಂದ ಆಯುಧ ಕಸಿಯಿತು, ಅಕ್ಷರವನ್ನೂ ಕಸಿಯಿತು. ಆಯುಧವಿಲ್ಲದವರು ಬಂಡೇಳಲಾರರು. ಅಂದರೆ ನಿಶ್ಶಸ್ತ್ರೀಕರಣದ ಕಾಯ್ದೆಯನ್ನು ಈ ದೇಶದಲ್ಲಿ ಮೊದಲು ಬರೆದವನು ಇಂಗ್ರೇಜಿಯವನಲ್ಲ. ಮನುವಿನ ಕಾಯ್ದೆ ಅದಕ್ಕಿಂತ ಬಹಳ ಹಳೆಯದು. ಆ ಕಾಯ್ದೆಗೆ ಪೊಲೀಸ್ ಠಾಣೆಯೇ ಬೇಕಿರಲಿಲ್ಲ.

2

ಇಂಗ್ರೇಜಿಯವರ ಕಾಯ್ದೆ ನಮ್ಮ ಮಗ್ಗುಲಿನ ಊರಿಗೇ ಬಂತು. 1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ಎದ್ದ ಮೇಲೆ ಕಂಪನಿ ಸರ್ಕಾರ ಗಾಬರಿಯಾಗಿ ಆ ವರ್ಷದ 28ನೆಯ ಕಾಯ್ದೆ ಹೊರಡಿಸಿತು. ಆಯುಧ ಇದ್ದವರು ತಂದು ತೋರಿಸಬೇಕು, ಬರೆಸಬೇಕು, ಅಪ್ಪಣೆ ಪಡೆಯಬೇಕು. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ಆಗ ಘೋರ್ಪಡೆಯವರ ಸಂಸ್ಥಾನ. ಅದರೊಳಗಿನ ಹಲಗಲಿ ಬೇಡರ ಊರು. ಬೇಟೆಯಾಡುವವನಿಗೆ, ಊರು ಕಾಯುವವನಿಗೆ ಆಯುಧವೇ ಅನ್ನ. ಅದನ್ನು ಕೊಟ್ಟರೆ ಉಳಿಯುವುದೇನು? ಬೇಡರು ಕೊಡುವುದಿಲ್ಲ ಎಂದರು. ನವೆಂಬರ್ ತಿಂಗಳಲ್ಲಿ ಸುತ್ತಲಿನ ಊರುಗಳ ಬೇಡರೂ ಹಲಗಲಿಗೆ ಬಂದು ಸೇರಿದರು. ಕರ್ನಲ್ ಮಾಲ್ಕಮನ ದಂಡು ಬಂತು. ಊರಿಗೆ ಬೆಂಕಿ ಬಿತ್ತು. ನೂರರಷ್ಟು ಜನ ಸತ್ತರು. ಡಿಸೆಂಬರ್ ತಿಂಗಳಲ್ಲಿ ಮುಧೋಳದ ಸಂತೆಯ ದಿನ ಜನ ನೋಡಲೆಂದೇ ಕೆಲವರನ್ನು, ಹಲಗಲಿಯಲ್ಲೇ ಕೆಲವರನ್ನು, ಒಟ್ಟು 19 ಮಂದಿಯನ್ನು ನೇಣಿಗೆ ಹಾಕಿದರು. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳನ್ನು ಲಾವಣಿ ಉಳಿಸಿಕೊಂಡಿತು. ಆ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಹಾಕಿಸಿದವನು ಇಂಗ್ರೇಜಿ ಅಧಿಕಾರಿ ಫ್ಲೀಟ್. ನೇಣು ಹಾಕಿದ ಸರ್ಕಾರದ ನೌಕರನೇ ಹಾಡನ್ನೂ ಬರೆದಿಟ್ಟ. ನೇಣಿಗೇರಿದವರ ಎಣಿಕೆ ಹೀಗೆ ನಮಗೆ ಸಿಗುತ್ತದೆ. ಅವರ ಹೆಂಡಂದಿರ ಎಣಿಕೆಯನ್ನು ನಾವು ಯಾವ ಪಠ್ಯಪುಸ್ತಕದಲ್ಲೂ ಓದಿಲ್ಲ.

ಇದಾದ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಇದೇ ಕನ್ನಡ ನಾಡಿನ ಕೊಡಗಿನಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಇನ್ನೊಂದು ಆಜ್ಞೆ ಹೊರಡಿಸಿದ. ಕೊಡಗರು ಸರ್ಕಾರಕ್ಕೆ ನಿಷ್ಠರಾಗಿದ್ದರು, ಆದ್ದರಿಂದ ಅವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ. ಸ್ವತಂತ್ರ ಭಾರತದ ಸರ್ಕಾರವೂ ಆ ವಿನಾಯಿತಿಯನ್ನು ಮುಂದುವರಿಸಿತು. 2019ರ ಅಕ್ಟೋಬರಿನಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಕೊಡವರ ಮನೆಯ ಕೋವಿಯ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಅವರ ಹಬ್ಬದಲ್ಲಿ ಕೋವಿಗೆ ಪೂಜೆ ಉಂಟು, ಅದು ಅವರ ಬದುಕು. ನಾವು ಕೇಳುವುದು ಇಷ್ಟೇ. ಆಯುಧವೇ ಅನ್ನವಾಗಿದ್ದ ಹಲಗಲಿಗೆ ನೇಣು, ನಿಷ್ಠೆ ತೋರಿದ ನಾಡಿಗೆ ವಿನಾಯಿತಿ. ಹಾಗಾದರೆ ಲೈಸೆನ್ಸು ಎಂಬ ಕಾಗದ ಹುಟ್ಟಿದ್ದು ಜನರ ರಕ್ಷಣೆಗೋ, ನಿಷ್ಠೆಯ ಪರೀಕ್ಷೆಗೋ? 1878ರ ಆಯುಧ ಕಾಯ್ದೆ ಬಂದಾಗ ಬಿಳಿಯರಿಗೆ ವಿನಾಯಿತಿ, ನಮ್ಮವರಿಗೆ ಲೈಸೆನ್ಸು. ಆಗ ಈ ಪ್ರಶ್ನೆಗೆ ಉತ್ತರ ಇನ್ನಷ್ಟು ಸ್ಪಷ್ಟವಾಯಿತು.

ಇದು ನಮ್ಮ ದೇಶದ ಕಥೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಗುಲಾಮಗಿರಿ ಮುಗಿದ ವರ್ಷವೇ, 1865ರಲ್ಲಿ, ಮಿಸಿಸಿಪ್ಪಿ ರಾಜ್ಯ ಕಾಯ್ದೆ ಮಾಡಿತು. ಬಿಡುಗಡೆಯಾದ ಕರಿಯರು ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. 1892ರಲ್ಲಿ ಮೆಂಫಿಸ್ ನಗರದಲ್ಲಿ ತನ್ನ ಗೆಳೆಯರನ್ನು ಬಿಳಿಯರ ಗುಂಪು ಕೊಂದಾಗ ಇಡಾ ಬಿ. ವೆಲ್ಸ್ ಎಂಬ ಕರಿಯ ಪತ್ರಕರ್ತೆ ಒಂದು ಪಿಸ್ತೂಲು ಕೊಂಡಳು. ಕಾಯ್ದೆ ಕಾಯದಿದ್ದಾಗ ಕರಿಯರ ಮನೆಯಲ್ಲಿ ಬಂದೂಕಿಗೆ ಗೌರವದ ಜಾಗ ಇರಬೇಕೆಂದು ಬರೆದಳು. ಅದೇ ದೇಶದ ಸ್ಮಿತ್ ಅಂಡ್ ವೆಸ್ಸನ್ ಕಂಪನಿ 1902ರಲ್ಲಿ 'ಲೇಡಿಸ್ಮಿತ್' ಎಂಬ ಪುಟ್ಟ ರಿವಾಲ್ವರ್ ಮಾಡಿತು. 1989ರಲ್ಲಿ ಆ ಹೆಸರನ್ನು ಮತ್ತೆ ಹೊರತೆಗೆದು ಹೆಂಗಸರಿಗೆ ಮಾರಿತು. ಪಿಸ್ತೂಲು ಕೊಂಡ ಹೆಂಗಸೂ, ಹೆಂಗಸಿಗೆ ಪಿಸ್ತೂಲು ಮಾರಿದ ಕಂಪನಿಯೂ ಒಂದೇ ದೇಶದವರು. ಆದರೆ ಇಬ್ಬರ ಚರಿತ್ರೆ ಬೇರೆ ಬೇರೆ. ಒಂದರ ಹಿಂದೆ ಸುಟ್ಟ ಮನೆ ಇದೆ, ಇನ್ನೊಂದರ ಹಿಂದೆ ಅಂಗಡಿ ಇದೆ.

3

ನಮ್ಮಲ್ಲಿ ವೆಲ್ಸಳಂಥ ಹೆಂಗಸು ಇರಲಿಲ್ಲವೇ? ಇದ್ದಳು. ಚಿತ್ರದುರ್ಗದ ಓಬವ್ವ. ಹೈದರಾಲಿಯ ದಂಡು ಕೋಟೆಯ ಕಿಂಡಿಯಲ್ಲಿ ನುಸುಳುವಾಗ ಒಬ್ಬೊಬ್ಬರ ತಲೆಗೂ ಒನಕೆ ಬೀಸಿದಳೆಂದು ಜನ ನೆನೆಯುವ ಓಬವ್ವ. 1972ರ 'ನಾಗರಹಾವು' ಸಿನೆಮಾ ಆಕೆಯನ್ನು ಮನೆ ಮನೆಗೂ ಮುಟ್ಟಿಸಿತು. 2021ರಿಂದ ಸರ್ಕಾರ ನವೆಂಬರ್ 11ಕ್ಕೆ ಆಕೆಯ ಜಯಂತಿ ಮಾಡುತ್ತಿದೆ. ಆಕೆ ಛಲವಾದಿ ಸಮುದಾಯದವಳು, ಕೋಟೆ ಕಾಯುವವನ ಹೆಂಡತಿ ಎಂಬುದನ್ನು ಭಾಷಣ ಮಾಡುವವರು ಒಮ್ಮೊಮ್ಮೆ ಹೇಳುತ್ತಾರೆ, ಒಮ್ಮೊಮ್ಮೆ ನುಂಗುತ್ತಾರೆ. ನಾವು ಒನಕೆಯನ್ನೇ ದಿಟ್ಟಿಸಿ ನೋಡುತ್ತೇವೆ. ಕೋಟೆಯೊಳಗೆ ಕತ್ತಿ, ಬಂದೂಕು, ಮದ್ದುಗುಂಡು ಎಲ್ಲ ಇತ್ತು. ಕಾಯುವವನ ಹೆಂಡತಿಯ ಕೈಗೆ ಎಟುಕಿದ್ದು ಭತ್ತ ಕುಟ್ಟುವ ಒನಕೆ. ಅದನ್ನು ಶೌರ್ಯ ಎಂದು ಹಾಡುವವರು ಅದು ಬಡತನವೂ ಹೌದೆಂದು ಯಾಕೆ ಹೇಳುವುದಿಲ್ಲ?

ಇಂದಿಗೂ ನಮ್ಮ ಹೆಂಗಸರ ಆಯುಧ ಆಕಿ ದುಡಿಯುವ ಸಾಮಾನೇ. ಕುಡಗೋಲು, ಕುರಪಿ, ಸೌದೆ ಸೀಳುವ ಕೊಡಲಿ, ಒಲೆಯ ಕೊಳ್ಳಿ, ಖಾರದ ಪುಡಿ. ಕಬ್ಬು ಕಡಿಯುವ ಹೊಲದಲ್ಲಿ, ಇಳಕಲ್ಲಿನ ಕಲ್ಲಿನ ಕ್ವಾರಿಯಲ್ಲಿ, ಮಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗಿ ತಗಡಿನ ಶೆಡ್ಡಿನಲ್ಲಿ ಮಲಗುವ ರಾತ್ರಿಯಲ್ಲಿ ಇವೇ ಆಕಿಯ ತಲೆದೆಸೆಗೆ ಇರುತ್ತವೆ. ಇವಕ್ಕೆ ಲೈಸೆನ್ಸು ಬೇಕಿಲ್ಲ, ಯಾಕಂದ್ರ ಇವು ಕೂಲಿಯ ಸಾಮಾನು.

4

ಈಗ ಆಯ್ಕೆಯ ಮಾತಿಗೆ ಬರೋಣ. ಒಬ್ಬ ಹೆಂಗಸು ನಿಜವಾಗಿಯೂ ಪಿಸ್ತೂಲು ಬೇಕೆಂದಳು ಎಂದಿಟ್ಟುಕೊಳ್ಳಿ. ಕೇಳುವ ಹಕ್ಕು ಆಕೆಗಿದೆ, ನಗಬೇಡಿ. ನಮ್ಮ ಕಾಯ್ದೆ ಏನು ಹೇಳುತ್ತದೆ?

1959ರ ಆಯುಧ ಕಾಯ್ದೆಯ ಪ್ರಕಾರ ಆಕೆಗೆ 21 ತುಂಬಿರಬೇಕು. ಅರ್ಜಿಯನ್ನು ಜಿಲ್ಲಾಧಿಕಾರಿಗೆ ಕೊಡಬೇಕು. ಪೊಲೀಸರ ವರದಿ ಬರಬೇಕು. ಆಯುಧವನ್ನು ಭದ್ರವಾಗಿ ಇಡುತ್ತೇನೆಂದು ಬರೆದುಕೊಡಬೇಕು. ಹೊಡೆಯಲು, ಸುರಕ್ಷಿತವಾಗಿ ಹಿಡಿಯಲು ತರಬೇತಿ ಪಡೆದಿರಬೇಕು. 9 ಎಂ.ಎಂ., .38, .455 ಬೋರಿನ ಕೈಬಂದೂಕುಗಳು ಸಾಮಾನ್ಯರಿಗೆ ನಿಷಿದ್ಧ. ಉಳಿಯುವುದು ಮುಖ್ಯವಾಗಿ .32 ಮತ್ತು .22. ಪಿಸ್ತೂಲಾದರೆ ಮೊದಲ ಗುಂಡನ್ನು ನಳಿಗೆಗೆ ಏರಿಸಲು ಮೇಲಿನ ಲೋಹದ ತುಂಡನ್ನು ಹಿಂದಕ್ಕೆ ಎಳೆದು ಬಿಡಬೇಕು. ಅದಕ್ಕೆ ಬಲವೂ ಬೇಕು, ರೂಢಿಯೂ ಬೇಕು. ರಿವಾಲ್ವರಾದರೆ ಗುಂಡು ತುಂಬಿದ ಮೇಲೆ ಟ್ರಿಗರ್ ಎಳೆದರೆ ಸಾಕು, ಆದರೆ ಆ ಎಳೆತ ಬಿಗಿ. ಬಂದೂಕು ಹಗುರಾದಷ್ಟೂ ಸೊಂಟಕ್ಕೆ ಸುಖ, ಹೊಡೆಯುವಾಗ ಮಾತ್ರ ಕೈಗೆ ಒದೆತ ಹೆಚ್ಚು. ರೂಢಿಯಿಲ್ಲದ ಕೈಯಲ್ಲಿ ಗುರಿ ತಪ್ಪುತ್ತದೆ. ರೂಢಿಗೆ ಗುಂಡು ಬೇಕು, ಗುಂಡಿಗೆ ದುಡ್ಡು ಬೇಕು, ಹೊಡೆಯಲು ಕಲಿಸುವ ಜಾಗ ಬೇಕು. ಕಬ್ಬಿನ ಹೊಲದ ಹೆಂಗಸಿಗೆ ಇದು ಎಲ್ಲಿ?

ಬಚ್ಚಿಡುವ ಮಾತೂ ಕಾಯ್ದೆಯಲ್ಲಿದೆ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕನ್ನು ಅದಕ್ಕೆಂದೇ ಮಾಡಿದ ಚೀಲದಲ್ಲಿಟ್ಟು, ಪೂರ್ತಿ ಮುಚ್ಚಿ, ತನ್ನ ಹತೋಟಿಯಲ್ಲೇ ಒಯ್ಯಬೇಕು. ಇಳಕಲ್ ಸೀರೆ ಉಟ್ಟವಳು ಅದನ್ನು ಎಲ್ಲಿ ಸಿಕ್ಕಿಸಿಕೊಳ್ಳಬೇಕು? ಎಲೆಯಡಿಕೆಯ ಸಂಚಿ ನಿಲ್ಲುವ ಸೊಂಟದಲ್ಲಿ ಅರ್ಧ ಕಿಲೋ ಲೋಹ ನಿಂತೀತೇ? ಕಸ ತೆಗೆಯಲು ದಿನಕ್ಕೆ ನೂರಾರು ಸಲ ಬಗ್ಗುವವಳ ಮೈಮೇಲೆ ಅದು ಎಷ್ಟು ಹೊತ್ತು ಇದ್ದೀತು? ಹೆಂಗಸಿಗೆಂದು ರಿವಾಲ್ವರ್ ಮಾಡಿದವರು ಕಣ್ಣೆದುರಿಗೆ ಇಟ್ಟುಕೊಂಡ ಹೆಂಗಸು ಕೈಚೀಲ ಹಿಡಿದು ನಡೆಯುವವಳು. ಕೂಲಿಯ ಹೆಂಗಸನ್ನು ಅವರು ಅಳತೆ ಮಾಡಲೇ ಇಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಗುರಿಯದು. ಯಾರ ಎದೆಗೆ ಹಿಡಿಯಬೇಕು? ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ ಹಲವು ವರ್ಷಗಳಿಂದ ಕೊಡುತ್ತ ಬಂದಿರುವ ಲೆಕ್ಕದಲ್ಲಿ ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಹೆಣ್ಣಿಗೆ ಗೊತ್ತಿದ್ದವನೇ. ನೆರೆಯವನು, ನೆಂಟ, ಕೆಲಸ ಕೊಡುವವನು. ಕತ್ತಲಲ್ಲಿ ಎಲ್ಲಿಂದಲೋ ಬರುವ ಅಪರಿಚಿತನಿಗೆಂದು ರಿವಾಲ್ವರ್ ಮಾಡಿದರು. ಹಗಲಲ್ಲೇ ಹೊಲಕ್ಕೆ ಕರೆಯುವ ಧಣಿಗೆ ಏನು ಮಾಡುವುದು? ಆತ ನಾಳಿನ ಕೂಲಿ ಕೊಡುವವ, ನೀರಿನ ಬಾವಿ ಆತನದು, ಪಂಚಾಯತಿ ಆತನದು. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ದೇವರ ಹೆಸರಲ್ಲಿ ಮುತ್ತು ಕಟ್ಟಿ ಬಿಟ್ಟರು. ಅದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕಕ್ಕೆ ಬಂದದ್ದು 1982ರಲ್ಲಿ. ಮುತ್ತು ಕಟ್ಟಿಸಿಕೊಂಡ ಆ ಹುಡುಗಿ ಗುಂಡು ಹೊಡೆಯಬೇಕಾದದ್ದು ಯಾರಿಗೆ? ಪೂಜಾರಿಗೋ, ಗೌಡನಿಗೋ, ಹಸಿವಿಗೋ?

ಬಂದೂಕು ಹಿಡಿದ ಕೆಳಜಾತಿಯ ಹೆಂಗಸಿನ ಕಥೆಯೂ ನಮ್ಮ ಕಣ್ಣೆದುರಿಗಿದೆ. ಉತ್ತರ ಪ್ರದೇಶದ ಅಂಬಿಗರ ಮನೆಯ ಫೂಲನ್ ದೇವಿ. ಮೈಮೇಲಾದ ಅತ್ಯಾಚಾರದ ಹಿಂದೆಯೇ ಬಂದೂಕು ಬಂತು. 1981ರ ಬೆಹಮಾಯಿಯಲ್ಲಿ ಹೆಣಗಳು ಬಿದ್ದವು. 1983ರಲ್ಲಿ ಶರಣಾದಳು, ಹನ್ನೊಂದು ವರ್ಷ ಜೈಲು ಕಂಡಳು, ಸಂಸತ್ತಿಗೂ ಹೋದಳು. 2001ರ ಜುಲೈಯಲ್ಲಿ ದಿಲ್ಲಿಯ ತನ್ನ ಮನೆಯ ಬಾಗಿಲಲ್ಲೇ ಗುಂಡಿಗೆ ಬಿದ್ದಳು. ಆಕೆಯ ಬಂದೂಕು ಆಕೆಗೆ ಭಯವಿಲ್ಲದ ಒಂದು ಮನೆ ಕೊಡಲಿಲ್ಲ. ಇದನ್ನು ಹೇಳಿ ನಾವು ಆಕೆಯನ್ನು ತೂಗಿ ನೋಡುತ್ತಿಲ್ಲ. ಒಂಟಿ ಕೈಯ ಬಂದೂಕಿನ ಹಿಂದೆ ಸಂಘಟನೆ ಇಲ್ಲದಿದ್ದರೆ ಏನಾಗುತ್ತದೆಂದು ನೋಡುತ್ತಿದ್ದೇವೆ.

5

ಸಂವಿಧಾನ ಬರೆಯುವಾಗಲೂ ಈ ಪ್ರಶ್ನೆ ಎದ್ದಿತ್ತು. ಆಯುಧ ಇಟ್ಟುಕೊಳ್ಳುವ ಹಕ್ಕನ್ನು 1931ರ ಕರಾಚಿ ಕಾಂಗ್ರೆಸ್ ತನ್ನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಸೇರಿಸಿತ್ತು. 1948ರ ಡಿಸೆಂಬರಿನಲ್ಲಿ ಎಚ್.ವಿ. ಕಾಮತ್ ಅದನ್ನು ಸಂವಿಧಾನಕ್ಕೆ ಸೇರಿಸಬೇಕೆಂದು ತಿದ್ದುಪಡಿ ತಂದರು. ಅಂಬೇಡ್ಕರರು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಆಯುಧವಿಲ್ಲದವರ ದುಃಖವನ್ನು 1936ರಲ್ಲಿ ಅಷ್ಟು ಸ್ಪಷ್ಟವಾಗಿ ಬರೆದವರೇ 1948ರಲ್ಲಿ ಬೇಡವೆಂದರು. ಇದರಲ್ಲಿ ನಮಗೆ ವಿರೋಧ ಕಾಣುವುದಿಲ್ಲ. ಎಲ್ಲರಿಗೂ ಆಯುಧದ ಹಕ್ಕು ಎಂದು ಕಾಗದದಲ್ಲಿ ಬರೆದರೆ ಹಳ್ಳಿಯಲ್ಲಿ ಬಂದೂಕು ಕೊಳ್ಳುವವನು ಯಾರು? ದುಡ್ಡಿದ್ದವನು, ಹೊಲವಿದ್ದವನು, ಠಾಣೆಯಲ್ಲಿ ಕುರ್ಚಿ ಸಿಗುವವನು. ಸಮಾನವಲ್ಲದ ಊರಿಗೆ ಸಮಾನವಾಗಿ ಬಂದೂಕು ಹಂಚಲು ಬರುವುದಿಲ್ಲ. ನಾವು ಅವರ ನಿಲುವನ್ನು ಹೀಗೆ ಓದಿಕೊಂಡಿದ್ದೇವೆ.

ಈ ಅಸಮಾನತೆಯನ್ನು ಕಂಡು ಬರೆದ ಒಂದು ನಿಯಮ ನಮ್ಮ ಕೈಯಲ್ಲಿದೆ. ಎಷ್ಟು ಜನ ಓದಿದ್ದೇವೆ? 1989ರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ನಿಯಮಗಳು ಬಂದವು. ಮೂರನೆಯ ನಿಯಮ ನೋಡಿರಿ. ದೌರ್ಜನ್ಯ ನಡೆಯಬಹುದಾದ ಪ್ರದೇಶಗಳನ್ನು ರಾಜ್ಯ ಸರ್ಕಾರ ಗುರುತಿಸಬೇಕು. ಅಗತ್ಯ ಕಂಡರೆ ಅಲ್ಲಿನ ಪರಿಶಿಷ್ಟರಲ್ಲದವರ ಬಂದೂಕಿನ ಲೈಸೆನ್ಸು ರದ್ದು ಮಾಡಬೇಕು. ಅವರದಷ್ಟೇ ಅಲ್ಲ, ಅವರ ಹತ್ತಿರದ ನೆಂಟರದು, ಆಳುಗಳದು, ಮನೆಯ ಗೆಳೆಯರದೂ ರದ್ದು ಮಾಡಿ ಆಯುಧಗಳನ್ನು ಸರ್ಕಾರಿ ಶಸ್ತ್ರಾಗಾರಕ್ಕೆ ಸೇರಿಸಬೇಕು. ಲೈಸೆನ್ಸಿಲ್ಲದ ಬಂದೂಕುಗಳನ್ನು ವಶಪಡಿಸಿಕೊಳ್ಳಬೇಕು. ಇಷ್ಟಾದ ಮೇಲೆ ಇನ್ನೊಂದು ಸಾಲು. ಪ್ರಾಣ, ಆಸ್ತಿಯ ರಕ್ಷಣೆಗೆ ಅಗತ್ಯವೆಂದು ಕಂಡರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಆಯುಧದ ಲೈಸೆನ್ಸು ಕೊಡಬೇಕು.

ಈ ಸಾಲನ್ನು ಹಲಗಲಿಯ ಪಕ್ಕದಲ್ಲಿಟ್ಟು ಓದಿರಿ. 1991ರಲ್ಲಿ ಬೇಡ, ವಾಲ್ಮೀಕಿ ಎಂಬ ಹೆಸರುಗಳು ನಾಯಕರೊಂದಿಗೆ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. 1857ರಲ್ಲಿ ಯಾರ ಕೈಯಿಂದ ಆಯುಧ ಕಸಿಯಲು ಸರ್ಕಾರ ಊರು ಸುಟ್ಟಿತೋ, ಅವರ ಮೊಮ್ಮಕ್ಕಳ ಮಕ್ಕಳಿಗೆ, ಅವರ ಹೆಣ್ಣುಮಕ್ಕಳಿಗೂ, ಅಗತ್ಯ ಬಿದ್ದರೆ ಆಯುಧ ಕೊಡಬೇಕೆಂದು 1995ರಲ್ಲಿ ಸರ್ಕಾರವೇ ಬರೆದುಕೊಂಡಿದೆ. ಆಯುಧ ಕಾಯ್ದೆಯ ಹದಿನಾಲ್ಕನೆಯ ಕಲಮಿನಲ್ಲಿ ಇನ್ನೊಂದು ಮಾತೂ ಇದೆ. ಅರ್ಜಿ ಹಾಕಿದವರಿಗೆ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸುವಂತಿಲ್ಲ. ಕಾಯ್ದೆ ಬಡವಳಿಗೆ ಬಾಗಿಲು ಮುಚ್ಚಿಲ್ಲ. ಮುಚ್ಚಿದ್ದು ಅಂಗಡಿಯ ಬೆಲೆ, ಠಾಣೆಯ ಮುಖ.

ಗೆಳೆಯರೇ, ನಮ್ಮ ನಿಲುವು ಇದು. ಹೆಣ್ಣಿಗೆ ಆಯುಧ ಬೇಡ, ಆಕೆ ಕರುಣೆಯ ಮೂರ್ತಿ ಎನ್ನುವವರ ಜೊತೆ ನಾವಿಲ್ಲ. ಆ ಮಾತು ಮಾಸ್ತಿಕಲ್ಲಿನ ನಿಂಬೆಹಣ್ಣಿನ ಮಾತು. ಹೆಣ್ಣಿಗೊಂದು ರಿವಾಲ್ವರ್ ಕೊಟ್ಟು ಸರ್ಕಾರ ಕೈತೊಳೆದುಕೊಳ್ಳಲಿ ಎನ್ನುವವರ ಜೊತೆಗೂ ನಾವಿಲ್ಲ. ಆಯ್ಕೆಯ ಮೊದಲ ಸಾಲು ಬೋರು, ತೂಕ, ಚೀಲ ಆಗಬಾರದು. ಮೊದಲು ಆಕೆಯ ಎದುರಿಗೆ ನಿಂತವನ ಬಂದೂಕು ಕೆಳಗಿಳಿಯಬೇಕು. ಮೂರನೆಯ ನಿಯಮದಲ್ಲಿ ಈ ಕ್ರಮವೇ ಇದೆ. ಅವರಿಂದ ತೆಗೆಯುವುದು ಮೊದಲು, ನಮಗೆ ಕೊಡುವುದು ಆಮೇಲೆ.

ಅದಕ್ಕೆ ಮಾಡಬೇಕಾದ ಕೆಲಸ ಸಣ್ಣದು, ಆದರೆ ಬಿಡದೆ ಮಾಡಬೇಕು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಅಲ್ಲಿ ಕೇಳಬೇಕು. ನಮ್ಮ ತಾಲೂಕುಗಳಲ್ಲಿ ಬಂದೂಕಿನ ಲೈಸೆನ್ಸು ಯಾರ ಯಾರ ಹೆಸರಲ್ಲಿವೆ? ದೌರ್ಜನ್ಯದ ಪ್ರಕರಣ ದಾಖಲಾದ ಮೇಲೆ ಯಾರದಾದರೂ ರದ್ದಾಯಿತೇ? ಪರಿಶಿಷ್ಟ ಹೆಣ್ಣುಮಗಳೊಬ್ಬಳಾದರೂ ಅರ್ಜಿ ಹಾಕಿದ್ದಾಳೆಯೇ? ಹಾಕಿದ್ದರೆ ಆ ಅರ್ಜಿ ಎಲ್ಲಿದೆ? ಮಾಹಿತಿ ಹಕ್ಕಿನ ಕಾಯ್ದೆ 2005ರಿಂದ ಇದೆ. ಅರ್ಜಿ ಬರೆಯಲು ಕಾಲೇಜಿಗೆ ಹೋಗುವ ಹುಡುಗರು, ಹುಡುಗಿಯರು ಇದ್ದಾರೆ. ಮೂರನೆಯ ನಿಯಮವನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಕೇರಿಯ ಸಮುದಾಯ ಭವನದ ಗೋಡೆಗೆ ಹಚ್ಚಲು ಮಾಸ್ತರರು ಇದ್ದಾರೆ. ಹೊತ್ತು ಮುಳುಗಿದ ಮೇಲೆ ಒಬ್ಬೊಬ್ಬರೇ ಹೊಲದಿಂದ ಬರುವ ಬದಲು ಹತ್ತು ಮಂದಿ ಕೂಡಿ ಬರಲು ಹೆಂಗಸರೇ ಇದ್ದಾರೆ. ಬೀದಿಗೆ ದೀಪ, ಮನೆಗೆ ಚಿಲಕವಿರುವ ಬಾಗಿಲು, ಕೇರಿಯೊಳಗೇ ಪಾಯಿಖಾನೆ, ದೂರು ಕೊಟ್ಟ ದಿನವೇ ಎಫ್.ಐ.ಆರ್. ಇವು ಒಂದೂಕಾಲು ಲಕ್ಷದ ರಿವಾಲ್ವರಿಗಿಂತ ಹೆಚ್ಚು ಜೀವ ಉಳಿಸುತ್ತವೆ.

ಇವನ್ನೆಲ್ಲ ಕೊಡಲು ಸರ್ಕಾರಕ್ಕೆ ಆಗದಿದ್ದರೆ, ಅಂದು ಹುನಗುಂದದ ಯಾವುದೋ ಕೇರಿಯ ಹೆಂಗಸು ಬಸ್ಸು ಹತ್ತಿ ಬಾಗಲಕೋಟೆಯ ನವನಗರದ ಡಿ.ಸಿ. ಕಚೇರಿಗೆ ಹೋಗಿ ಲೈಸೆನ್ಸಿನ ಅರ್ಜಿ ಇಟ್ಟಾಳು. 'ಯಾಕ ಬೇಕವ್ವ ನಿನಗ ಪಿಸ್ತೂಲು?' ಎಂದು ಯಾರಾದರೂ ನಕ್ಕು ಕೇಳಿದರೆ ಆಕಿ ಸೆರಗು ಸರಿಮಾಡಿಕೊಂಡು ಹೇಳಬೇಕು: 'ನಮ್ಮೂರ ಗೌಡಗ ಯಾಕ ಕೊಟ್ಟೀರಿ, ಮೊದಲ ಅದನ್ನ ಹೇಳ್ರಿ.' ಆ ಪ್ರಶ್ನೆಗೆ ಕಚೇರಿ ಬಾಯಿ ಬಿಡುವವರೆಗೆ ಆಕಿಯ ಹಿಂದೆ ಬಾಗಿಲಲ್ಲಿ ನಿಂತಿರುವ ಜನ ನಾವಾಗಬೇಕು.